ಹದಿನಾಲ್ಕನೆಯ ನಂಬರಿನ ರೊಟ್ಟಿ

ನನಗೆ ಎಂಜಲು ಅಂದರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದ ಅನಾಹುತಕ್ಕೆಲ್ಲ ಇದೇ ಮೂಲ. ಮಡಿ ಮೈಲಿಗೆಯನ್ನೆಲ್ಲ ನಾನು ಕಾಲೇಜು ಸೇರಿದ ವರ್ಷವೇ ಮೈಸೂರಿನಲ್ಲಿ ಬಿಟ್ಟೆ. ಆದರೆ ಒಬ್ಬರು ಬಾಯಿ ಹಾಕಿದ್ದನ್ನು ಇನ್ನೊಬ್ಬರು ಮುಟ್ಟುವುದು ಮಾತ್ರ ನನ್ನಿಂದಾಗದು. ನೀರಿನ ಬಾಟಲಿಯನ್ನು ಎತ್ತಿ ಕುಡಿಯದೆ ಕಚ್ಚಿ ಕುಡಿಯುವವರು ಪಕ್ಕದಲ್ಲಿದ್ದರೆ ಬಸ್ಸಿನಲ್ಲಿ ಸೀಟು ಬದಲಾಯಿಸುತ್ತೇನೆ. ನನ್ನ ಮದುವೆಯಲ್ಲಿ ಗಂಡ ಹೆಂಡತಿ ಒಂದೇ ಎಲೆಯಲ್ಲಿ ಉಣ್ಣುವ ಭೂಮದೂಟಕ್ಕೆ ಕೂರಿಸಿದಾಗ, ಎಲೆಯ ಮಧ್ಯೆ ಅನ್ನದ ಒಡ್ಡು ಕಟ್ಟಿ ನನ್ನ ಕಡೆಯದನ್ನು ಮಾತ್ರ ಉಂಡು ಎದ್ದವಳು ನಾನು. ಗಂಡ ಧಾರವಾಡದವನು, ನದಿಗಳ ಹೂಳಿನ ಮೇಲೆ ಸಂಶೋಧನೆ ಮಾಡುವವನು. "ಒಡ್ಡಿನ ಬಗ್ಗೆ ಓದಿದಾಂವ ನಾ, ಕಟ್ಟಿದಾಕಿ ನೀ" ಅಂತ ಈಗಲೂ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಾನೆ.

ಆ ಹೂಳೇ ನಮ್ಮನ್ನು ತೊಂಬತ್ತರ ದಶಕದ ಕೊನೆಯಲ್ಲಿ ರಾಟರ್‌ಡ್ಯಾಮಿಗೆ ತಂದು ಹಾಕಿತು. ಏಣಿಯಷ್ಟು ಕಡಿದಾದ ಮೆಟ್ಟಿಲುಗಳ ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅಡುಗೆಮನೆಯ ಕಪಾಟಿನಲ್ಲಿ ಅತ್ತೆ ಕಟ್ಟಿಕೊಟ್ಟ ಕಡಕ್ ರೊಟ್ಟಿಯ ಥಪ್ಪಿ, ಹಾಸಿಗೆಯ ಮೇಲೆ ಅವರೇ ಹೊಲಿದ ಕೌದಿ. ಗಂಡ ಬೆಳಿಗ್ಗೆ ಎಂಟಕ್ಕೆ ಸೈಕಲ್ ಹತ್ತಿ ಹೋದರೆ ಸಂಜೆ ಆರಕ್ಕೆ ವಾಪಸ್. ನನ್ನ ಪರ್ಮಿಟ್ಟಿನಲ್ಲಿ ಕೆಲಸ ಮಾಡುವಂತಿಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು. ಮೂರು ತಿಂಗಳು ಕಿಟಕಿ ಒರೆಸಿದೆ. ನಾಲ್ಕನೇ ತಿಂಗಳು ಡಚ್ ಕ್ಲಾಸಿನ ಟೀಚರಮ್ಮ, "ಹೀಗೇ ಒರೆಸ್ತಾ ಇದ್ರೆ ಗಾಜು ಸವೆದು ಹೋಗತ್ತೆ, ಫ್ರೈವಿಲ್ಲಿಗರ್ ಆಗು" ಅಂದರು. ಸಂಬಳವಿಲ್ಲದೆ ದುಡಿಯುವವರಿಗೆ ಆ ದೇಶದಲ್ಲಿ ಹಾಗೊಂದು ಗೌರವದ ಹೆಸರಿದೆ.

ಹಾಗೆ ಬಂದರಿನ ಬದಿಯ ಒಂದು ಪುಟ್ಟ ಗ್ಯಾಲರಿಗೆ ಸೇರಿಕೊಂಡೆ. ಹಿಂದೆ ಅದು ಕಾಫಿಬೀಜದ ಗೋದಾಮು. ಮಳೆ ಬಂದ ದಿನ ಗೋಡೆಯಿಂದ ಕಾಫಿಯ ವಾಸನೆ ಏಳುತ್ತಿತ್ತು, ಮೈಸೂರಿನವಳಾದ ನನಗೆ ಆ ಕೆಲಸ ಒಪ್ಪಲು ಅಷ್ಟೇ ಸಾಕಾಯಿತು. ಅಲ್ಲಿನ ಮೇಲ್ವಿಚಾರಕ ಎರಡು ಮೀಟರ್ ಉದ್ದದ ಡಚ್ ಮನುಷ್ಯ. ಕೈಯಲ್ಲಿ ಸದಾ ಒಂದು ಪಟ್ಟಿ. ಮಾಡಿದ್ದನ್ನು ಗೀಟು ಹಾಕಿ ಹೊಡೆದುಹಾಕುವಾಗ ಅವನ ಮುಖದಲ್ಲಿ ಕಾಣುತ್ತಿದ್ದ ತೃಪ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಪ್ಪು ತೊಳೆಯುವುದು, ಕುರ್ಚಿ ಜೋಡಿಸುವುದು, ಗುಡಿಸುವುದು ನನ್ನ ಪಾಲಿನ ಕೆಲಸ. ನನ್ನ ಕೈಗೆ ಬಂದ ಮೇಲೆ ಆ ಗೋದಾಮು ಕನ್ನಡಿಯಂತಾಯಿತು, ಇದು ಜಂಬವಲ್ಲ.

ಮಾರ್ಚ್ ತಿಂಗಳಲ್ಲಿ ಆಕೆ ಬಂದಳು. ಐವತ್ತು ದಾಟಿದ ಹೆಂಗಸು, ಕುಳ್ಳಿ, ಗಟ್ಟಿ ದನಿ, ಮುಂದಿನ ಎರಡು ಹಲ್ಲಿಗೆ ಚಿನ್ನದ ಕವಚ. ಉಜ್ಬೇಕಿಸ್ತಾನದ ಫರ್ಗಾನಾ ಕಣಿವೆಯವಳು. ಮಾಸ್ಕೋದಲ್ಲಿ ಸಿನಿಮಾ ಕಲಿತು, ತಾಷ್ಕೆಂಟಿನಲ್ಲಿ ಸಿನಿಮಾ ಮಾಡಿ, ಸೋವಿಯತ್ ದೇಶವೇ ಇಲ್ಲವಾದ ಮೇಲೆ ಹೇಗೋ ಇಲ್ಲಿಗೆ ಬಂದು ನೆಲೆಸಿದ್ದಳು. ಇನ್ನು ಸಿನಿಮಾಕ್ಕೆ ಯಾರೂ ಬಂಡವಾಳ ಹಾಕುವುದಿಲ್ಲ ಎಂದು ಖಾತ್ರಿಯಾದಾಗ, ತೆಗೆದಿಟ್ಟಿದ್ದ ರೀಲುಗಳನ್ನೂ ತಾಯಿಮನೆಯಿಂದ ತಂದಿದ್ದ ಸಾಮಾನುಗಳನ್ನೂ ಸೇರಿಸಿ ಒಂದು ಪ್ರದರ್ಶನ ಮಾಡಲು ಹೊರಟಿದ್ದಳು.

ನಾನು ಭಾರತದವಳು ಎಂದು ತಿಳಿದ ಕೂಡಲೇ ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟು ಒಂದು ಹಳೇ ಹಿಂದಿ ಹಾಡನ್ನು ಪೂರ್ತಿ ಹಾಡಿದಳು. ಅವಳ ಊರಿನ ಬಯಲು ಟಾಕೀಸಿನಲ್ಲಿ ಚಿಕ್ಕಂದಿನಲ್ಲಿ ನೋಡಿದ್ದೆಲ್ಲ ನಮ್ಮ ಸಿನಿಮಾಗಳೇ. "ನಿಮ್ಮ ಹೀರೋಯಿನ್ನುಗಳು ಅತ್ತಷ್ಟು ಚೆನ್ನಾಗಿ ಪ್ರಪಂಚದಲ್ಲಿ ಯಾರೂ ಅಳಲ್ಲ. ಎಲ್ಲಿ, ನೀನು ಸ್ವಲ್ಪ ಅತ್ತು ತೋರಿಸು" ಅಂದಳು. ಅಳು ಬರಲಿಲ್ಲ, ನಗು ಬಂತು. ಅವಳ ಮುರುಕು ಇಂಗ್ಲಿಷು, ನನ್ನ ಹರುಕು ಹಿಂದಿ, ನಡುವೆ ಇಬ್ಬರಿಗೂ ಗೊತ್ತಿದ್ದ ದೋಸ್ತ್, ಕಿತಾಬ್, ಬಜಾರ್, ಚಾಯ್. ಅಷ್ಟರಲ್ಲೇ ನಮ್ಮ ಮಾತು ಸಲೀಸಾಗಿ ಸಾಗಿತು. ನನಗೆ ಆಕೆ ಬಂದ ಮೊದಲ ದಿನದಿಂದಲೇ ಇಷ್ಟವಾದಳು. ಆ ಊರಿನಲ್ಲಿ ಅಪಾಯಿಂಟ್‌ಮೆಂಟ್ ಇಲ್ಲದೆ ನನ್ನ ಹೆಗಲ ಮೇಲೆ ಕೈ ಹಾಕಿದ ಮೊದಲ ವ್ಯಕ್ತಿ ಅವಳೇ.

ಎರಡು ವಾರ ನಾವಿಬ್ಬರೂ ಸಾಮಾನು ಜೋಡಿಸಿದೆವು. ತುಂಡು ಬಟ್ಟೆ ಸೇರಿಸಿ ಹೊಲಿದ ಹೊದಿಕೆಗಳನ್ನು ಬಿಡಿಸಿದಾಗ ನಾನು ಕೂಗಿಯೇಬಿಟ್ಟೆ, ಅದು ನಮ್ಮ ಅತ್ತೆಯ ಕೌದಿಯೇ. ಮರುದಿನ ಕೌದಿಯನ್ನು ಚೀಲದಲ್ಲಿ ತಂದು ತೋರಿಸಿದೆ. ಆಕೆ ಕನ್ನಡಕ ಏರಿಸಿ, ಹೊಲಿಗೆ ಎಣಿಸಿ, "ನಿನ್ನ ಅತ್ತೆ ನನ್ನ ಅಮ್ಮನಿಗಿಂತ ಜಾಣೆ, ಆದರೆ ಅಮ್ಮನಿಗೆ ಹೇಳಬೇಡ" ಅಂದಳು. ಒಡೆದ ಮೇಲೆ ತಂತಿಯ ಹೊಲಿಗೆ ಹಾಕಿ ಬಳಸಿದ ಟೀ ಕುಡಿಕೆ, ತೊಟ್ಟಿಲು, ರೊಟ್ಟಿಯ ಮೇಲೆ ಚಿತ್ತಾರ ಒತ್ತುವ ಮರದ ಅಚ್ಚು. ಒಂದು ಗೋಡೆಯ ಮೇಲೆ ಶಬ್ದವಿಲ್ಲದ ಸಿನಿಮಾ ಓಡುತ್ತಿತ್ತು. ಅದರಲ್ಲಿ ಅವಳ ಅಮ್ಮನ ಕೈಗಳು ಮಾತ್ರ, ಹಿಟ್ಟು ನಾದುತ್ತ, ತಟ್ಟುತ್ತ, ಉರಿಯುವ ಒಲೆಯ ಗೋಡೆಗೆ ರೊಟ್ಟಿ ಅಂಟಿಸುತ್ತ. ಮುಖ ಯಾಕೆ ತೆಗೆದಿಲ್ಲ ಅಂತ ಕೇಳಿದೆ. "ಮುಖ ತೋರಿಸು ಅಂದ್ರೆ ಅಮ್ಮ ಕ್ಯಾಮೆರಾಕ್ಕೆ ಹಿಟ್ಟು ಎರಚುತ್ತಿದ್ದಳು" ಅಂದಳು.

ಒಳಗಿನ ಕೋಣೆಗೆ ಹೋಗುವ ದಾರಿಯಲ್ಲಿ ತಾಯಿಮನೆಯ ಬಾಗಿಲನ್ನೇ ನಿಲ್ಲಿಸಿದ್ದಳು. ನೀಲಿ ಬಣ್ಣ ಎದ್ದುಹೋದ ಹಳೇ ಬಾಗಿಲು, ಆದರೆ ಚಿಲಕ ಮಾತ್ರ ನಿನ್ನೆ ಅಂಗಡಿಯಿಂದ ತಂದಷ್ಟು ಹೊಸದು, ಒಂದು ಗೀರಿಲ್ಲ. ಚೌಕಟ್ಟಿನ ಮೇಲೆ ಒಂದು ಮೊಳೆ. ತೆರೆದ ಬಾಗಿಲು ಕಂಡರೆ ಮುಚ್ಚುವುದು ನನ್ನ ಚಾಳಿ. ಎರಡು ಸಲ ಮುಚ್ಚಿ ಚಿಲಕಕ್ಕೆ ಕೈ ಹಾಕಿದೆ, ಎರಡು ಸಲವೂ ಆಕೆ ಓಡಿಬಂದು ತಡೆದಳು. ಎರಡನೇ ಸಲ ನಗಲಿಲ್ಲ. "ಇದನ್ನ ಹಾಕಬೇಡ ಅಂದ್ನಲ್ಲ" ಅಂತ ಬೈದೇಬಿಟ್ಟಳು. ನನಗೂ ಸಿಟ್ಟು ಬಂತು, ಆ ದಿನ ಅವಳಿಗೆ ಟೀ ಮಾಡಿಕೊಡಲಿಲ್ಲ.

ಪ್ರದರ್ಶನ ತೆರೆಯುವ ಹಿಂದಿನ ದಿನ ಗೋದಾಮಿನ ತುಂಬ ಜನ. ದೀಪ ಹಾಕುವವರು, ಬಣ್ಣ ಬಳಿಯುವವರು, ಅವರ ಕಾಫಿ ಕಪ್ಪುಗಳು, ಸ್ಯಾಂಡ್‌ವಿಚ್ಚಿನ ಕಾಗದಗಳು. ಸಂಜೆ ನಾಲ್ಕಕ್ಕೆ ಎಲ್ಲರೂ ಹೋದ ಮೇಲೆ ನಾನು ಸೆರಗು ಕಟ್ಟಿ ನಿಂತೆ. ಕಿಟಕಿಯ ಬಳಿ ಕಪ್ಪುಗಳಿದ್ದ ಮೇಜಿನ ಮೇಲೆ, ಒಂದು ಬಟ್ಟೆಯ ಮೇಲೆ, ತಟ್ಟೆಯಷ್ಟಗಲದ ದುಂಡು ರೊಟ್ಟಿ ಇತ್ತು. ಒಣಗಿ ಹಲಗೆಯಾಗಿತ್ತು. ಒಣಗಿದ್ದಕ್ಕೆ ನಾನು ಮುಟ್ಟುತ್ತಿರಲಿಲ್ಲ, ಕಡಕ್ ರೊಟ್ಟಿ ಕಂಡವಳಿಗೆ ರೊಟ್ಟಿಯ ವಯಸ್ಸು ದೊಡ್ಡ ವಿಷಯವೇ ಅಲ್ಲ. ಆದರೆ ಅದರ ಒಂದು ಅಂಚಿನಲ್ಲಿ ಯಾರೋ ಕಚ್ಚಿದ ಗುರುತು, ಹಲ್ಲುಗಳ ಸಾಲೂ ಸೇರಿ, ಅಚ್ಚೊತ್ತಿದಂತೆ ಕಾಣುತ್ತಿತ್ತು. ಎರಡು ಹೆಜ್ಜೆ ಹಿಂದೆ ಸರಿದೆ. ಅವಳ ಅಮ್ಮನ ಸಾಮಾನಿನ ಪಕ್ಕ ಎಂಜಲು ಬಿಟ್ಟು ಹೋದರಲ್ಲ, ಈ ಬಣ್ಣ ಬಳಿಯುವವರಿಗೆ ಮರ್ಯಾದೆಯೇ ಇಲ್ಲವೇ ಅಂತ ಅವಳ ಪರವಾಗಿ ನಾನೇ ಕೋಪಗೊಂಡೆ.

ಆದರೆ ಅನ್ನವನ್ನು ಕಸಕ್ಕೆ ಹಾಕುವಂತಿಲ್ಲ. ನಮ್ಮ ಮೇಲಿನ ಮನೆಯ ತುರ್ಕಿ ಹೆಂಗಸು ಉಳಿದ ಬ್ರೆಡ್ಡನ್ನು ಕಸದ ಡಬ್ಬಿಗೆ ಎಂದೂ ಹಾಕಳು, ಚೀಲದಲ್ಲಿಟ್ಟು ಕಾಲುವೆಯ ಕಂಬಿಗೆ ತೂಗುಹಾಕುತ್ತಾಳೆ, ಹಕ್ಕಿಗಳಿಗೆ. ಆ ಪದ್ಧತಿ ನನಗೂ ಹಿಡಿಸಿತ್ತು. ಎರಡು ಬೆರಳಲ್ಲಿ ರೊಟ್ಟಿ ಎತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹೊರಗೆ ಕಂಬಿಗೆ ಕಟ್ಟಿದೆ. ಕೈ ತೊಳೆದೆ. ಬಟ್ಟೆಯನ್ನು ಮಡಿಸಿ ಡ್ರಾಯರಿನಲ್ಲಿಟ್ಟೆ. ಸ್ಟ್ರಿಪ್ಪನ್‌ಕಾರ್ಟ್ ಎಂಬ ಟಿಕೆಟ್ಟಿಗೆ ಮುದ್ರೆ ಒತ್ತಿಸಿ ಟ್ರಾಮಿನಲ್ಲಿ ಕೂತಾಗ ಒಳ್ಳೇ ಕೆಲಸ ಮಾಡಿದ ಸಮಾಧಾನವಿತ್ತು. ರಾತ್ರಿಯೆಲ್ಲ ಮಳೆ ಸುರಿಯಿತು.

ಮರುದಿನ ಒಂಬತ್ತಕ್ಕೆ ಹೋದರೆ ಆಕೆ ನೆಲದ ಮೇಲೆ ಮಂಡಿಯೂರಿ ಮೇಜಿನ ಕೆಳಗೆ ಹುಡುಕುತ್ತಿದ್ದಳು. ಜರಿಯ ಅಂಗಿ, ರೇಷ್ಮೆಯ ತಲೆವಸ್ತ್ರ, ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಮೇಲ್ವಿಚಾರಕ ಪಟ್ಟಿ ಹಿಡಿದು ನಿಂತಿದ್ದ. "ಹನ್ನೆರಡು, ಕುಡಿಕೆ, ಇದೆ. ಹದಿಮೂರು, ಬಾಗಿಲು, ಇದೆ. ಹದಿನಾಲ್ಕು, ರೊಟ್ಟಿ, ಇಲ್ಲ" ಅಂದ. "ಗಾಳಿಯಾಡಲಿ ಅಂತ ನಿನ್ನೆ ಮೊದಲ ಸಲ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದಳಂತೆ. ಇವತ್ತು ಮೊಳೆಗೆ ಹಾಕಬೇಕಿತ್ತು. ನೀನು ನೋಡಿದೆಯಾ?"

ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನಾನೂ ಮಂಡಿಯೂರಿ ಹುಡುಕತೊಡಗಿದೆ. ಹತ್ತು ನಿಮಿಷ, ಕುರ್ಚಿಗಳ ಕೆಳಗೆ, ಕೌದಿಗಳ ಹಿಂದೆ, ಅಲ್ಲಿ ಇಲ್ಲವೆಂದು ಗೊತ್ತಿದ್ದ ಜಾಗಗಳಲ್ಲೆಲ್ಲ ಹುಡುಕಿದೆ. ಆಮೇಲೆ "ಹೊರಗೂ ನೋಡ್ತೀನಿ" ಅಂತ ಎದ್ದು ಓಡಿದೆ. ಸಿಕ್ಕರೆ ಯಾರಿಗೂ ತಿಳಿಯದ ಹಾಗೆ ತಂದಿಡುವ ಯೋಚನೆ.

ಚೀಲ ಹರಿದು ಕಂಬಿಯಲ್ಲಿ ನೇತಾಡುತ್ತಿತ್ತು. ರೊಟ್ಟಿ ಕೆಳಗೆ ಕಲ್ಲುಹಾಸಿನ ಮೇಲೆ ಬಿದ್ದಿತ್ತು, ಅದರ ಮುಂದೆ ಒಂದು ಕಡಲಹಕ್ಕಿ ಯಜಮಾನನ ಹಾಗೆ ನಿಂತು ಕುಕ್ಕುತ್ತಿತ್ತು. ಬಂದರಿನ ಕಡಲಹಕ್ಕಿಗಳಿಗೆ ಮನುಷ್ಯರ ಭಯ ಇಲ್ಲ. ಕೊಡೆ ಬೀಸಿದೆ, ಕನ್ನಡದಲ್ಲಿ ಬಾಯಿಗೆ ಬಂದಂತೆ ಬೈದೆ, ಕೊನೆಗೆ ಒಂದು ಗಜ ದೂರ ಸರಿಯಿತು. ಒಂದು ಬದಿಯನ್ನು ಕಿತ್ತಿತ್ತು, ಕಚ್ಚಿದ ಗುರುತಿನ ಬದಿ ಹಾಗೇ ಉಳಿದಿತ್ತು. ಕೈಗೆತ್ತಿಕೊಂಡರೆ ನೆನೆದು ಮೆತ್ತಗಾಗಿತ್ತು. ಈ ಸಲ ಎರಡು ಬೆರಳಲ್ಲ, ಎರಡೂ ಕೈಯಲ್ಲಿ ಹಿಡಿದು ಸೆರಗಿನಲ್ಲಿ ಸುತ್ತಿದೆ. ತಿರುಗಿ ನೋಡಿದರೆ ಗೋದಾಮಿನ ಮೆಟ್ಟಿಲ ಮೇಲೆ ಆಕೆ ನಿಂತಿದ್ದಳು.

"ನಾನೇ" ಅಂದೆ. "ನಾನೇ ಹೊರಗಿಟ್ಟೆ. ಯಾರೋ ಕಚ್ಚಿದ್ರು. ನಮ್ಮಲ್ಲಿ ಒಬ್ಬರು ಕಚ್ಚಿದ್ದನ್ನ ಹಾಗೆ ಇಡಲ್ಲ. ಕೆಲಸದವರು ಬಿಟ್ಟು ಹೋದ್ರು ಅಂದ್ಕೊಂಡೆ."

ಆಕೆ ಬಂದು ಸೆರಗು ಬಿಡಿಸಿ ನೋಡಿದಳು. ಕಚ್ಚಿದ ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ, "ಆ ಹಲ್ಲು ನಂದು" ಅಂದಳು.

ಒದ್ದೆ ಮೆಟ್ಟಿಲ ಮೇಲೆ ಕೂತಳು, ನನ್ನನ್ನೂ ಕೂರಿಸಿಕೊಂಡಳು. ಅವಳ ಊರಿನಲ್ಲಿ ಮನೆಯವರು ಯಾರಾದರೂ ದೂರ ಹೊರಟರೆ ಹೊಸ್ತಿಲಲ್ಲಿ ನಿಂತು ಒಂದು ಹೊಸ ರೊಟ್ಟಿಯಿಂದ ಒಂದೇ ತುತ್ತು ಕಚ್ಚಿ ಹೋಗಬೇಕಂತೆ. ಉಳಿದದ್ದನ್ನು ಮನೆಯವರು ಮೊಳೆಗೆ ತೂಗುಹಾಕುತ್ತಾರೆ. ಹೋದವರು ತಿರುಗಿ ಬಂದು ಅದನ್ನು ತಿಂದು ಮುಗಿಸಬೇಕು, ಅಲ್ಲಿಯವರೆಗೆ ಆ ರೊಟ್ಟಿ ಅವರನ್ನು ಮನೆ ಕಡೆ ಎಳೆಯುತ್ತಿರುತ್ತದೆ. ಹದಿನೇಳನೇ ವರ್ಷದಲ್ಲಿ ಮಾಸ್ಕೋಗೆ ಹೊರಟಾಗ ಆಕೆ ಕಚ್ಚಿದ ರೊಟ್ಟಿ ಅದು.

"ರಜಕ್ಕೆ ಬಂದಾಗೆಲ್ಲ ಕೇಳ್ತಿದ್ದೆ, ಅಮ್ಮ, ಈಗ ತಿನ್ಲಾ ಅಂತ. ನೀನಿನ್ನೂ ಹೋಗೋಳೇ, ಇರಲಿ ಅಂತಿದ್ಲು. ತಾಷ್ಕೆಂಟಿಗೆ ಹೋದೆ, ಆಮೇಲೆ ಇಲ್ಲಿಗೆ ಬಂದೆ. ವಸಂತ ಬಂದಾಗೊಮ್ಮೆ ಇಳಿಸಿ, ಧೂಳು ಊದಿ, ಮತ್ತೆ ಹಾಕ್ತಿದ್ಲಂತೆ. ಇದು ಮೊಳೆಯಲ್ಲಿ ಇರೋವರೆಗೂ ಬಾಗಿಲಿಗೆ ಚಿಲಕ ಹಾಕ್ತಿರಲಿಲ್ಲ. ಕಳ್ಳರು ಬರ್ತಾರೆ ಅಂತ ಅಕ್ಕಪಕ್ಕದವರು ಹೇಳಿದ್ರೆ, ಮಗಳೂ ಬರ್ತಾಳಲ್ಲ ಅಂತಿದ್ಲಂತೆ."

ಅಮ್ಮ ತೀರಿಕೊಂಡಾಗ ಇವಳ ಕಾಗದಪತ್ರ ಇಲ್ಲಿನ ಕಚೇರಿಯಲ್ಲಿ ಸಿಕ್ಕಿಕೊಂಡಿತ್ತು. ಹೋಗುವಷ್ಟರಲ್ಲಿ ಮಣ್ಣು ಮಾಡಿ ನಲವತ್ತು ದಿನವಾಗಿತ್ತು. ಬಾಗಿಲು ಮಾತ್ರ ತೆರೆದೇ ಇತ್ತು, ಮೇಲೆ ರೊಟ್ಟಿ. ಬೇರೆಯವರಿಗೆ ಹೋಗಲಿದ್ದ ಮನೆಯಿಂದ ಬಾಗಿಲು, ಮೊಳೆ, ರೊಟ್ಟಿ ಮೂರನ್ನೂ ಬಿಚ್ಚಿಕೊಂಡು ಬಂದಿದ್ದಳು. ತಿನ್ನಲು ಎಷ್ಟೋ ಸಲ ಬಾಯಿಯ ಹತ್ತಿರ ತಂದಳಂತೆ. "ಕಲ್ಲಾಗಿತ್ತು. ಮತ್ತೆ, ತಿಂದ್ರೆ ಮುಗೀತಲ್ಲ" ಅಂದಳು.

ನಾನು ಅಳುತ್ತಿದ್ದೆ. ಅವಳ ಹೀರೋಯಿನ್ನುಗಳಷ್ಟು ಚೆನ್ನಾಗಿಯೇ ಅತ್ತಿರಬೇಕು. ಮೂವತ್ತು ವರ್ಷಕ್ಕೂ ಮೇಲೆ ಒಬ್ಬ ತಾಯಿ ಕಾದದ್ದನ್ನು ನಾನು ಒಂದು ಸಂಜೆಯಲ್ಲಿ ಗುಡಿಸಿಹಾಕಿದ್ದೆ. ಅಷ್ಟರಲ್ಲಿ ಮೇಲ್ವಿಚಾರಕ ಹೊರಬಂದ. ಹನ್ನೊಂದಕ್ಕೆ ನಗರಸಭೆಯವರು ಬರುತ್ತಾರೆ, ರೊಟ್ಟಿಯನ್ನು ರೇಡಿಯೇಟರ್ ಮೇಲೆ ಒಣಗಿಸೋಣ ಅಂದ. ಒಣಗದಿದ್ದರೆ ತುರ್ಕಿ ಬೇಕರಿಯಿಂದ ಹೊಸದು ತಂದು ಕಚ್ಚಿ ಹಾಕೋಣ, ಯಾರಿಗೂ ಗೊತ್ತಾಗಲ್ಲ ಅಂದ. ಪಾಪ, ಸಹಾಯ ಮಾಡಬೇಕೆಂದೇ ಹೇಳಿದ್ದು.

ಆಕೆ ಅವನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ರೊಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಮತ್ತೆ ಒತ್ತಿದಳು. "ಮೆತ್ತಗಾಗಿದೆ" ಅಂದಳು ನನಗೆ, ಆಶ್ಚರ್ಯದಿಂದ. "ನೋಡು, ಹಲ್ಲು ಒಳಗೆ ಇಳಿಯತ್ತೆ." ಹಕ್ಕಿ ಕುಕ್ಕಿದ ಭಾಗ ಮುರಿದು ಹಕ್ಕಿಗೇ ಎಸೆದಳು. ಆಮೇಲೆ ಹದಿನೇಳು ವರ್ಷದ ಹುಡುಗಿಯ ಹಲ್ಲಿನ ಗುರುತಿಗೆ ತನ್ನ ಚಿನ್ನದ ಹಲ್ಲು ಹೊಂದಿಸಿ ಕಚ್ಚಿದಳು. ನಿಧಾನವಾಗಿ ಅಗಿದಳು. ಮೂರನೇ ತುತ್ತಿಗೆ ಕಣ್ಣೀರು ಬಂತು, ಆದರೂ ತಿನ್ನುವುದನ್ನು ನಿಲ್ಲಿಸಲಿಲ್ಲ. ಕೊನೆಯ ಚೂರು ಉಳಿದಾಗ ಅದನ್ನೇ ಅರ್ಧ ಕಚ್ಚಿ, ಉಳಿದರ್ಧ ನನ್ನತ್ತ ಚಾಚಿದಳು. "ಮನೆಗೆ ಬಂದವರು ಒಬ್ಬರೇ ತಿನ್ನಬಾರದು" ಅಂದಳು.

ನಾನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಧೂಳು, ಕರಿಜೀರಿಗೆ, ಸ್ವಲ್ಪ ಉಪ್ಪು. ಎಂಜಲು ಅನ್ನುವುದು ನೆನಪಿಗೇ ಬರಲಿಲ್ಲ. ಹೊಟ್ಟೆ ಕೆಡಲೂ ಇಲ್ಲ, ಅದು ಬೇರೆ ಮಾತು.

ಹನ್ನೊಂದಕ್ಕೆ ಜನ ಬಂದರು. ಮೊಳೆ ಖಾಲಿ ಇತ್ತು. ಮೇಲ್ವಿಚಾರಕ ಸ್ವಲ್ಪ ಹೊತ್ತು ಪಟ್ಟಿ ನೋಡುತ್ತ ನಿಂತಿದ್ದ. ಹದಿನಾಲ್ಕನ್ನು ಹೊಡೆದುಹಾಕಲು ಅವನಿಗೆ ಕೈ ಬರಲಿಲ್ಲ. ಕೊನೆಗೆ ಒಂದು ಚೀಟಿಯಲ್ಲಿ ತನ್ನ ನೀಟಾದ ಕೈಬರಹದಲ್ಲಿ "ಹದಿನಾಲ್ಕು. ರೊಟ್ಟಿ. ತಿಂದಾಗಿದೆ" ಎಂದು ಡಚ್ಚಿನಲ್ಲಿ ಬರೆದು ಮೊಳೆಯ ಕೆಳಗೆ ಅಂಟಿಸಿದ. ಆರು ವಾರ ಜನ ಆ ಚೀಟಿಯ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಿದ್ದರು.

ಆ ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಬಾಯಿ ತೆರೆದು ಕೇಳಿದ. "ನಮ್ಮ ಲಗ್ನದಾಗ ನನ್ನ ತುತ್ತು ಮುಟ್ಟಲಿಲ್ಲ. ಅಲ್ಲಿ ಹೋಗಿ ಮೂವತ್ತು ವರ್ಷದ ಎಂಜಲಾ ತಿಂದು ಬಂದೀಯಲ್ಲವಾ!" ಅಂದ. ನಗುತ್ತಲೇ ಅಂದರೂ ದನಿಯಲ್ಲಿ ಒಂದಿಷ್ಟು ಹೊಟ್ಟೆಕಿಚ್ಚಿತ್ತು. ಅವನ ತಟ್ಟೆಯಲ್ಲಿದ್ದ ಕಡಕ್ ರೊಟ್ಟಿಯ ಕಚ್ಚಿದ ತುಂಡನ್ನು ಎತ್ತಿ ಕಟುಮ್ಮೆಂದು ತಿಂದೆ. ಅವನು ನನಗೇ ಇನ್ನೊಂದು ರೊಟ್ಟಿ ಮುರಿದು ಕೊಟ್ಟ.

ಪ್ರದರ್ಶನದ ಕೊನೆಯ ದಿನ ಸಂಜೆ ಐದಕ್ಕೆ ಕಡೆಯ ಜನ ಹೊರಟರು. ಮೇಲ್ವಿಚಾರಕ ಪೆಟ್ಟಿಗೆಗಳನ್ನು ತರಲು ಹೋದ. ನಾನು ಕಪ್ಪುಗಳನ್ನು ತೊಳೆದಿಟ್ಟು ಪೊರಕೆ ಹಿಡಿದು ಒಳಗಿನ ಕೋಣೆಗೆ ಬಂದಾಗ ಆಕೆ ನೀಲಿ ಬಾಗಿಲ ಮುಂದೆ ನಿಂತಿದ್ದಳು. ಬಾಗಿಲು ಎಂದಿನಂತೆ ತೆರೆದಿತ್ತು. ನಾನು ಅದರ ತಂಟೆಗೆ ಹೋಗದೆ ಗುಡಿಸತೊಡಗಿದೆ.

"ಪೊರಕೆ ಇಡು" ಅಂದಳು. "ಬಾ, ನಿನಗೆ ಅಷ್ಟು ಆಸೆ ಇತ್ತಲ್ಲ. ನೀನೇ ಹಾಕು."

ಬಾಗಿಲನ್ನು ಮುಂದಕ್ಕೆ ದೂಡಿದೆ. ಚಿಲಕ ಬಿಗಿಯಾಗಿತ್ತು. ಅಷ್ಟು ವರ್ಷ ಯಾರೂ ಹಾಕದ ಚಿಲಕ, ಎರಡೂ ಕೈ ಬೇಕಾಯಿತು. ಅದು ಸರಿದು ಕೂತಾಗ ಆಕೆ ತನ್ನ ಭಾಷೆಯಲ್ಲಿ ಏನೋ ಅಂದಳು. ನನಗಲ್ಲ, ಬಾಗಿಲಿಗೆ. ಏನಂದೆ ಅಂತ ಕೇಳಿದೆ.

"ಮಲಕ್ಕೋ ಅಮ್ಮ, ನಾನು ಬಂದೆ, ಅಂದೆ" ಎಂದಳು.